ಅಕ್ಷತೆಯ ಕಾಳಿಗೆ ಎಷ್ಟು ಫ್ರೇಮು?

2000ದ ದಶಕದಲ್ಲಿ ನಮ್ಮ ಕಡೆಯ ಮದುವೆ ಮನೆಗೆ ವಿಡಿಯೊದವರು ಬಂದರೆಂದರೆ ಸೋನಿ ಪಿಡಿ170ನಂಥ ಕ್ಯಾಮೆರಾ ಹಿಡಿದವನೊಬ್ಬ, ಹ್ಯಾಲೊಜೆನ್ ದೀಪ ಎತ್ತಿ ನಿಂತ ಹುಡುಗನೊಬ್ಬ, ಹಿಂದೆ ವೈರು ಸುತ್ತುತ್ತಾ ಬರುವವನೊಬ್ಬ. ಮಿನಿ ಡಿವಿ ಟೇಪಿನಲ್ಲಿ ಚಿತ್ರೀಕರಣ, ಸ್ಟುಡಿಯೊದ ಕಂಪ್ಯೂಟರಿನಲ್ಲಿ ಎಡಿಟಿಂಗ್, ತಿಂಗಳೊಪ್ಪತ್ತಿನ ಮೇಲೆ ವಧೂವರರ ಫೋಟೊ ಅಂಟಿಸಿದ ಡಿವಿಡಿ. ಟೇಪಿನ ಮೇಲೆ ಮುಂದಿನ ಮದುವೆ ದಾಖಲಾಯಿತು. ಮನೆಯಲ್ಲಿ ಉಳಿದದ್ದು ಡಿವಿಡಿ ಮಾತ್ರ. ಆ ದಂಪತಿಗಳ ಮಕ್ಕಳು ಈಗ ಕಾಲೇಜಿಗೆ ಬಂದಿದ್ದಾರೆ, ಲ್ಯಾಪ್‌ಟಾಪಿನಲ್ಲಿ ತಾವೇ ಎಡಿಟ್ ಮಾಡುತ್ತಾರೆ. ಹಾಗೆ ಬೀರುವಿನಿಂದ ಡಿವಿಡಿ ಹೊರತೆಗೆದ ಹುಡುಗಿಯೊಬ್ಬಳಿಗೂ, ಆ ಕಾಲದಲ್ಲಿ ಇಂಥ ಡಿವಿಡಿಗಳನ್ನೇ ತಯಾರಿಸುತ್ತಿದ್ದ ಎಡಿಟರ್ ಒಬ್ಬರಿಗೂ ನಡೆದ ಮಾತು ಇದು. ಒಬ್ಬರನ್ನು ಹಳಬರು ಎನ್ನೋಣ, ಇನ್ನೊಬ್ಬಳನ್ನು ಹೊಸಬಳು.

ಹೊಸಬಳು: ಅಪ್ಪ ಅಮ್ಮನ ಮದುವೆ ಡಿವಿಡಿ ಸಾರ್, 2006ರದ್ದು. ಇಪ್ಪತ್ತನೇ ವರ್ಷಕ್ಕೆ ಹತ್ತು ನಿಮಿಷದ ಒಂದು ವಿಡಿಯೊ ಮಾಡಬೇಕು. ವಿಡಿಯೊ ಟಿಎಸ್ ಅನ್ನೋ ಫೋಲ್ಡರಿನಿಂದ ವಿಒಬಿ ಫೈಲುಗಳನ್ನ ಎಳೆದು ಟೈಮ್‌ಲೈನಿಗೆ ಬಿಟ್ಟೆ. ಕೆಲವು ಬಂದವು, ಕೆಲವಕ್ಕೆ ಧ್ವನಿಯೇ ಇಲ್ಲ. ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಿಗೆ ಹಾಕಿ ಎಂಪಿ4 ಮಾಡಿಕೊಂಡೆ. ಈಗ ಎಲ್ಲಾ ಓಡುತ್ತಿದೆ. ಇನ್ನೇನಾದರೂ ಮಾಡಬೇಕಾ?

ಹಳಬರು: ಮಾಡಿದ್ದನ್ನು ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಹೊಸಬಳು: ಹೀಗೇ ಹೇಳುತ್ತೀರಿ ಅಂತ ಗೊತ್ತಿತ್ತು.

ಹಳಬರು: ಕೇಳು. ಹ್ಯಾಂಡ್‌ಬ್ರೇಕ್ ಒಳ್ಳೆಯ ಸಾಧನವೇ, ಆದರೆ ನೋಡುವುದಕ್ಕೆ ಫೈಲು ಮಾಡಿಕೊಡುತ್ತದೆ, ಕತ್ತರಿಸುವುದಕ್ಕಲ್ಲ. ನಿಮ್ಮಪ್ಪನ ಮದುವೆ ಟೇಪಿನಲ್ಲಿದ್ದಾಗ ಸೆಕೆಂಡಿಗೆ 25 ಮೆಗಾಬಿಟ್ ಇತ್ತು. ಎರಡು ಗಂಟೆಯ ಮದುವೆಯನ್ನು 4.7 ಜಿಬಿ ಡಿಸ್ಕಿನಲ್ಲಿ ಕೂರಿಸಿದಾಗ 5ರ ಆಸುಪಾಸಿಗೆ ಇಳಿಯಿತು. ಅದನ್ನು ನೀನು ಇನ್ನೊಂದು ಸಲ ಹಿಂಡಿದೆ. ನಾಳೆ ಎಡಿಟ್ ಮಾಡಿ ರೆಂಡರ್ ಹಾಕಿದಾಗ ಮತ್ತೊಮ್ಮೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಮಗದೊಮ್ಮೆ.

ಹೊಸಬಳು: ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲವಲ್ಲ.

ಹಳಬರು: ನಿಂತ ದೃಶ್ಯದಲ್ಲಿ ಕಾಣುವುದಿಲ್ಲ. ಮಾಂಗಲ್ಯಧಾರಣೆಗೆ ಹೋಗು. ಅಕ್ಷತೆ ಬೀಳುತ್ತಿರುವ ಕಡೆ ನಿಲ್ಲಿಸು.

ಹೊಸಬಳು: ಅಯ್ಯೋ, ಅಕ್ಕಿ ಕಾಳೇ ಇಲ್ಲ. ಬರೀ ಚೌಕ ಚೌಕ.

ಹಳಬರು: ಪರದೆಯ ತುಂಬ ಸಾವಿರ ಚುಕ್ಕಿಗಳು ಒಟ್ಟಿಗೆ ಓಡಿದರೆ ಡಿವಿಡಿಯ ಎಂಪೆಗ್2 ಕೋಡೆಕ್ ಸೋಲುತ್ತದೆ. ಡಿವಿಡಿಯಲ್ಲಿ ಅಷ್ಟಿಷ್ಟು ಕಾಳಾದರೂ ಇದ್ದವು, ನಿನ್ನ ಎಂಪಿ4ರಲ್ಲಿ ಅವೂ ಹೋದವು. ಇನ್ನೊಂದು ವಿಷಯ. ಡಿವಿಡಿಯಲ್ಲಿ ಪ್ರತಿಯೊಂದು ಫ್ರೇಮೂ ಪೂರ್ತಿ ಚಿತ್ರವಲ್ಲ. ಅಂಗಡಿಯ ಲೆಕ್ಕದ ಪುಸ್ತಕ ನೋಡಿದ್ದೀಯಲ್ಲ, ಮೇಲೆ ಒಮ್ಮೆ ಪೂರ್ತಿ ಬಾಕಿ, ಕೆಳಗೆ ಬರೀ ಕೊಟ್ಟದ್ದು ತಗೊಂಡದ್ದು. ಹಾಗೆ 12 ಅಥವಾ 15 ಫ್ರೇಮಿಗೊಂದು ಪೂರ್ತಿ ಚಿತ್ರ, ನಡುವಿನವೆಲ್ಲ ಏನು ಬದಲಾಯಿತು ಅನ್ನುವ ಲೆಕ್ಕ. ನೀನು ನಡುವೆ ಕತ್ತರಿ ಹಾಕಿದರೆ ಸಾಫ್ಟ್‌ವೇರ್ ಪ್ರತಿ ಸಲ ಮೇಲಿನ ಬಾಕಿಯಿಂದ ಕೂಡಿಸಿಕೊಂಡು ಬರಬೇಕು. ಅದಕ್ಕೇ ಎಡಿಟಿಂಗಿಗೆ ಪ್ರೊರೆಸ್, ಡಿಎನ್‌ಎಕ್ಸ್‌ಎಚ್‌ಡಿ, ಯುಟಿ ವಿಡಿಯೊ ಥರದ ಕೋಡೆಕ್ ಬಳಸುವುದು. ಅವುಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ.

ಹೊಸಬಳು: ಅದೆಲ್ಲ ಕಂಪ್ಯೂಟರ್ ನಿಧಾನವಿದ್ದ ಕಾಲದ ಮಾತು ಸಾರ್. ನನ್ನ ಲ್ಯಾಪ್‌ಟಾಪ್ 4ಕೆ ಎತ್ತುತ್ತದೆ, ಈ 576 ಗೆರೆಯ ಚಿತ್ರ ಅದಕ್ಕೆ ಏನು ಭಾರ?

ಹಳಬರು: ಓಡಿಸುವ ಭಾರದ ವಿಷಯದಲ್ಲಿ ನಿನ್ನ ಮಾತು ಒಪ್ಪಿದೆ. ಕೆಡಿಸುವ ವಿಷಯದಲ್ಲಿ ಇಲ್ಲ. ಮೊದಲ ಕೆಲಸ: ಡಿಸ್ಕಿನ ಒಂದು ಐಎಸ್‌ಒ, ಅಂದರೆ ಇದ್ದ ಹಾಗೇ ಪೂರ್ತಿ ಪ್ರತಿ ಮಾಡಿ, ಎರಡು ಕಡೆ ಇಡು. ಸ್ಟುಡಿಯೊದಲ್ಲಿ ಬರ್ನ್ ಮಾಡಿದ ಡಿವಿಡಿ-ಆರ್‌ನಲ್ಲಿ ದತ್ತಾಂಶ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲಿಗೂ ಸೆಕೆಗೂ ಅದು ಮಾಸುತ್ತದೆ. ಡ್ರೈವ್ ಓದಲು ತಕರಾರು ಮಾಡಿದರೆ ಡಿಡಿರೆಸ್ಕ್ಯೂ ಅಂತ ಉಚಿತ ಸಾಧನವಿದೆ. ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಬಾರದ ಭಾಗಕ್ಕೆ ಆಮೇಲೆ ಮತ್ತೆ ಮತ್ತೆ ಹೋಗಿ ಬರುತ್ತದೆ. ಐಎಸ್‌ಒ ಕೈಗೆ ಬಂದ ಮೇಲೆ ಮೇಕ್‌ಎಂಕೆವಿ ಹಾಕಿ ಒಂದೇ ಫೈಲು ಮಾಡಿಕೋ. ಅದು ಹಿಂಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಜೋಡಿಸಿಕೊಡುತ್ತದೆ. ವಿಒಬಿ ಫೈಲು ಒಂದೊಂದೂ 1 ಜಿಬಿಗೆ ತುಂಡಾಗುವುದರಿಂದ, ನೀನು ಒಂದೊಂದನ್ನೇ ಎಳೆದಾಗ ತುಂಡಿನ ಅಂಚಿನಲ್ಲಿ ಧ್ವನಿ ತಪ್ಪುವುದುಂಟು.

ಹೊಸಬಳು: ಸರಿ, ಐಎಸ್‌ಒ ಒಪ್ಪಿದೆ. ಅದು ಹತ್ತು ನಿಮಿಷದ ಕೆಲಸ. ಆದರೆ ಬೀಗ ಒಡೆದ ಹಾಗೆ ಆಗುವುದಿಲ್ಲವಾ? ಡಿವಿಡಿ ಕಾಪಿ ಮಾಡಿದರೆ ಕೇಸು ಅಂತ ಯಾರೋ ಹೇಳಿದರು.

ಹಳಬರು: ಮದುವೆ ಡಿವಿಡಿಗೆ ಬೀಗವೇ ಇಲ್ಲ. ಸಿನಿಮಾ ಡಿವಿಡಿಗಳಿಗೆ ಸಿಎಸ್‌ಎಸ್ ಅನ್ನೋ ಬೀಗ ಹಾಕುತ್ತಿದ್ದರು. 1999ರಲ್ಲೇ ಡಿಸಿಎಸ್‌ಎಸ್ ಅನ್ನುವ ಪ್ರೋಗ್ರಾಂ ಅದನ್ನು ಬಿಚ್ಚಿ ತೋರಿಸಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಶಿಕ್ಷೆ. ಉದ್ದೇಶ ಅನ್ನುವ ಮಾತು ಅಲ್ಲಿ ಮುಖ್ಯ. ನಿನ್ನ ಡಿಸ್ಕಿಗೆ ಆ ಚಿಂತೆ ಬೇಡ. ನಿನ್ನ ಚಿಂತೆ ಗೆರೆಗಳದ್ದು.

ಹೊಸಬಳು: ಹ್ಞಾಂ, ಅದನ್ನೇ ಕೇಳಬೇಕಿತ್ತು. ಅಮ್ಮ ಕೈ ಎತ್ತಿದಾಗ ಕೈಯ ಅಂಚು ಬಾಚಣಿಗೆ ಹಲ್ಲಿನ ಥರ ಕಾಣುತ್ತದೆ.

ಹಳಬರು: ಇಂಟರ್‌ಲೇಸ್. ಆ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತಿರಲಿಲ್ಲ, 50 ಅರ್ಧ ಚಿತ್ರ, ಅಂದರೆ ಫೀಲ್ಡ್, ತೆಗೆಯುತ್ತಿತ್ತು. ಒಂದು ಸಲ ಬೆಸ ಗೆರೆಗಳು 288, ಮುಂದಿನ ಸಲ ಸಮ ಗೆರೆಗಳು 288. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಪಾಲು ಕಾಲ ಸರಿದಿರುತ್ತದೆ. ಹಳೆಯ ಡಬ್ಬಾ ಟಿವಿ ಅವನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಹಾಗಾಗಿ ಏನೂ ಕಾಣುತ್ತಿರಲಿಲ್ಲ. ನಿನ್ನ ಲ್ಯಾಪ್‌ಟಾಪ್ ಎರಡನ್ನೂ ಒಂದೇ ಫ್ರೇಮಿನಲ್ಲಿ ಹೆಣೆದು ತೋರಿಸುತ್ತಿದೆ. ಅಮ್ಮನ ಕೈ ಬೆಸ ಗೆರೆಯಲ್ಲಿ ಒಂದು ಕಡೆ, ಸಮ ಗೆರೆಯಲ್ಲಿ ಇನ್ನೊಂದು ಕಡೆ.

ಹೊಸಬಳು: ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ಡಿಇಂಟರ್‌ಲೇಸ್ ಅಂತ ಒಂದು ಟಿಕ್ ಇದೆ. ಹಾಕಿದರೆ ಮುಗಿಯಿತಲ್ಲ?

ಹಳಬರು: ಆ ಟಿಕ್ ಎಷ್ಟೋ ಸಲ ಎರಡರಲ್ಲೊಂದು ಮಾಡುತ್ತದೆ. ಒಂದು ಫೀಲ್ಡನ್ನು ಎಸೆದು 288 ಗೆರೆಯನ್ನೇ ಹಿಗ್ಗಿಸುತ್ತದೆ, ಇಲ್ಲವೇ ಎರಡನ್ನೂ ಕಲಸಿ ಕೈಗೆ ಒಂದು ದೆವ್ವದ ಕೈ ಜೋಡಿಸುತ್ತದೆ. ಸರಿಯಾಗಿ ಮಾಡಬೇಕೆಂದರೆ ಎವಿಸಿಂತ್ ಅಥವಾ ವೇಪರ್‌ಸಿಂತ್‌ನಲ್ಲಿ ಕ್ಯೂಟಿಜಿಎಂಸಿ ಅಂತ ಒಂದು ಸ್ಕ್ರಿಪ್ಟ್ ಇದೆ. ಹಿಂದಿನ ಮುಂದಿನ ಫ್ರೇಮುಗಳನ್ನು ನೋಡಿ, ಚಲನೆ ಲೆಕ್ಕ ಹಾಕಿ, ಇಲ್ಲದ ಗೆರೆಗಳನ್ನು ತುಂಬುತ್ತದೆ. ನಿಧಾನ, ಆದರೆ ಅಕ್ಷತೆಯ ಕಾಳು ಕಾಳಾಗಿ ನಿಲ್ಲುತ್ತದೆ. ಅದಕ್ಕೂ ಮೊದಲು ಫೀಲ್ಡ್ ಆರ್ಡರ್ ನೋಡಬೇಕು. ಡಿವಿ ಟೇಪು ಕೆಳಗಿನ ಫೀಲ್ಡನ್ನು ಮೊದಲು ಬರೆಯುತ್ತದೆ, ಡಿವಿಡಿಗಳಲ್ಲಿ ಹೆಚ್ಚಾಗಿ ಮೇಲಿನದು ಮೊದಲು. ಸ್ಟುಡಿಯೊದಲ್ಲಿ ಅವಸರದಲ್ಲಿ ತಪ್ಪು ಗುರುತು ಹಾಕಿದ ಡಿಸ್ಕುಗಳು ಬೇಕಾದಷ್ಟಿವೆ. ಫೀಲ್ಡುಗಳನ್ನು ಬಿಡಿಸಿ ಒಂದೊಂದೇ ಸರಿಸಿ ನೋಡು. ಕೈ ಮುಂದೆ ಮುಂದೆ ಹೋದರೆ ಸರಿ. ಮುಂದೆ ಹಿಂದೆ ಮುಂದೆ ಹಿಂದೆ ಅಂತ ತಡವರಿಸಿದರೆ ಆರ್ಡರ್ ತಲೆಕೆಳಗು.

ಹೊಸಬಳು: ಇದೆಲ್ಲ ಮಾಡಿ ಕೊನೆಗೆ ಎಷ್ಟು ಫ್ರೇಮು? 25 ತಾನೇ?

ಹಳಬರು: 50. ಕ್ಯಾಮೆರಾ ಕಂಡದ್ದು 50 ಕ್ಷಣ. 25 ಮಾಡಿದರೆ ಅರ್ಧ ಕಾಲವನ್ನು ಕಸದ ಬುಟ್ಟಿಗೆ ಹಾಕಿದಂತೆ.

ಹೊಸಬಳು: ಇಲ್ಲಿ ನಾನು ಒಪ್ಪಲ್ಲ. 50ರಲ್ಲಿ ನೋಡಿದರೆ ಟಿವಿ ಸೀರಿಯಲ್ ನೋಡಿದ ಹಾಗೆ ಇರುತ್ತದೆ. 25ರಲ್ಲಿ ಸಿನಿಮಾ ಥರ. ನನ್ನ ವಿಡಿಯೊ ನೆನಪಿನ ಥರ ಕಾಣಬೇಕು, ಸೀರಿಯಲ್ ಥರ ಅಲ್ಲ.

ಹಳಬರು: ಅದು ಸಿನಿಮಾ ಆಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಸಿನಿಮಾ ತೆಗೆದದ್ದೇ ಸೆಕೆಂಡಿಗೆ 24 ಫ್ರೇಮು. ಅದನ್ನು ನಮ್ಮ ಕಡೆಯ ಪಾಲ್ ಪದ್ಧತಿಯ ಡಿವಿಡಿಗೆ ಹಾಕುವಾಗ ಸುಮ್ಮನೆ 25ರ ವೇಗದಲ್ಲಿ ಓಡಿಸುತ್ತಾರೆ. ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಪಿಚ್ ಸರಿಪಡಿಸದಿದ್ದರೆ ಹಾಡಿನ ಶ್ರುತಿ ಅರ್ಧ ಮನೆಗೆ ತುಸು ಕಡಿಮೆ ಏರಿರುತ್ತದೆ. ಇನ್ನೊಂದು ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಡಿಸ್ಕಿನಲ್ಲಿ ಬೇರೆ ಆಟ: ನಾಲ್ಕು ಸಿನಿಮಾ ಫ್ರೇಮನ್ನು ಐದು ವಿಡಿಯೊ ಫ್ರೇಮಾಗಿ ಹಂಚುತ್ತಾರೆ, ಐದರಲ್ಲಿ ಎರಡಕ್ಕೆ ಬಾಚಣಿಗೆ ಹಲ್ಲು. ಅದಕ್ಕೆ ಡಿಇಂಟರ್‌ಲೇಸ್ ಮಾಡಬಾರದು. ಯಾವ ಫೀಲ್ಡಿಗೆ ಯಾವುದು ಜೋಡಿ ಅಂತ ಹುಡುಕಿ ಕೂಡಿಸಿ, ಹೆಚ್ಚಾದ ಒಂದನ್ನು ತೆಗೆದರೆ ಮೂಲದ ನಾಲ್ಕು ಫ್ರೇಮು ಹಾಗೇ ವಾಪಸ್ಸು ಬರುತ್ತವೆ. ಒಂದು ಗೆರೆಯನ್ನೂ ಊಹಿಸಬೇಕಾಗಿಲ್ಲ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಅದು.

ಹೊಸಬಳು: ನಮ್ಮ ಡಿವಿಡಿಯಲ್ಲಿ ಸಿನಿಮಾ, ಕ್ಯಾಮೆರಾ ಎರಡೂ ಇದೆ! ಆರತಕ್ಷತೆಯ ನಡುವೆ ಸ್ಟುಡಿಯೊದವರು ಸಿನಿಮಾ ಹಾಡಿನ ತುಣುಕು ಸೇರಿಸಿದ್ದಾರೆ. ಆಮೇಲೆ ಗುಲಾಬಿ ಹೂವಿನೊಳಗಿಂದ ಅಪ್ಪನ ಮುಖ ತಿರುಗುತ್ತಾ ಬರುತ್ತದೆ.

ಹಳಬರು: ನಗಬೇಡ, ಆ ಗುಲಾಬಿಗೆ ಜನ ದುಡ್ಡು ಜಾಸ್ತಿ ಕೊಡುತ್ತಿದ್ದರು. ಆದರೆ ನೀನು ಹೇಳಿದ್ದು ಸರಿಯಾದ ತೊಡಕು. ಹಾಡಿನ ತುಣುಕು ಒಂದು ಬಗೆ, ಕ್ಯಾಮೆರಾ ದೃಶ್ಯ ಇನ್ನೊಂದು ಬಗೆ, ಗುಲಾಬಿ ಮತ್ತೊಂದು, ಸ್ಲೋ ಮೋಷನ್ ಮಾಡಿದ ಕಡೆ ಒಂದೇ ಫೀಲ್ಡನ್ನು ಎರಡೆರಡು ಸಲ ಓಡಿಸಿರುತ್ತಾರೆ. ಇಡೀ ಡಿಸ್ಕಿಗೆ ಒಂದೇ ಮದ್ದು ಅರೆಯಲಾಗುವುದಿಲ್ಲ. ತುಣುಕು ತುಣುಕಾಗಿ ನೋಡಬೇಕು.

ಹೊಸಬಳು: ಈಗ ನಾನು ಲೆಕ್ಕ ಹಾಕುತ್ತೇನೆ, ನೀವು ಕೇಳಿ. 720 ಗುಣಿಸು 576, ಸೆಕೆಂಡಿಗೆ 50 ಫ್ರೇಮು. ಹಿಂಡದೆ ಇಟ್ಟರೆ ಗಂಟೆಗೆ 110 ಜಿಬಿ ದಾಟುತ್ತದೆ. ಲಾಸ್‌ಲೆಸ್ ಕೋಡೆಕ್ ಅರ್ಧಕ್ಕೆ ಇಳಿಸಿದರೂ ಎರಡು ಗಂಟೆಗೆ 110. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದೇ 256 ಜಿಬಿ. ಎರಡು ಗಂಟೆಯಲ್ಲಿ ನನಗೆ ಬೇಕಾದದ್ದು ಹತ್ತು ನಿಮಿಷ. ಊಟದ ಪಂಕ್ತಿಯಲ್ಲಿ ಹುಳಿ ಬಡಿಸುವುದನ್ನು ಇಪ್ಪತ್ತು ನಿಮಿಷ ತೆಗೆದಿದ್ದಾರೆ. ಅದನ್ನೆಲ್ಲ ಕ್ಯೂಟಿಜಿಎಂಸಿಯಲ್ಲಿ ರಾತ್ರಿಯಿಡೀ ತೊಳೆಯಬೇಕಾ? ಮೊದಲು ಕತ್ತರಿಸುತ್ತೇನೆ, ಆಮೇಲೆ ಬೇಕಾದ ಶಾಟುಗಳನ್ನಷ್ಟೇ ತೊಳೆಯುತ್ತೇನೆ. ನಿಮ್ಮ ಕಾಲದವರು ತಯಾರಿ ತಯಾರಿ ಅಂತ ಕೂತು ಎಷ್ಟು ವಿಡಿಯೊ ಮುಗಿಸಲೇ ಇಲ್ಲವೋ?

ಹಳಬರು: ಅದು ಕುಟುಕುವ ಮಾತೇ. ನನಗೆ ಗೊತ್ತಿರುವವರಲ್ಲೇ ಫಿಲ್ಟರ್ ಹಾಕಿ ತೆಗೆದು ಹಾಕಿ ತೆಗೆದು, ಒಂದು ಕಟ್ ಕೂಡ ಮಾಡದೆ ಬಿಟ್ಟವರಿದ್ದಾರೆ. ಆದರೆ ನಿನ್ನ ಕ್ರಮದಲ್ಲಿ ಒಂದು ಗುಂಡಿ ಇದೆ. 25 ಫ್ರೇಮಿನ ಪ್ರತಿಯಲ್ಲಿ ಕತ್ತರಿಸಿ, ಆಮೇಲೆ 50ರ ಪ್ರತಿ ತಂದು ಕೂರಿಸಿದರೆ ಕಟ್‌ಗಳು ಸರಿಯಾಗಿ ಕೂರುವುದಿಲ್ಲ. ಅದರ ಮೇಲೆ ನಿನ್ನ ಎಂಪಿ4ರಲ್ಲಿ ಫ್ರೇಮ್ ರೇಟೇ ಸ್ಥಿರವಿಲ್ಲ, ಹ್ಯಾಂಡ್‌ಬ್ರೇಕಿನಲ್ಲಿ ಬದಲಾಯಿಸದಿದ್ದರೆ ವೇರಿಯಬಲ್ ಇರುತ್ತದೆ. ಮಂತ್ರ ಒಂದು ಕಡೆ, ಪುರೋಹಿತರ ತುಟಿ ಇನ್ನೊಂದು ಕಡೆ ಆಗುವುದು ಹೀಗೆ.

ಹೊಸಬಳು: ಹಾಗಾದರೆ ಫ್ರೇಮ್ ರೇಟ್ ಒಂದನ್ನು ಮೊದಲೇ ತೀರ್ಮಾನಿಸಿ, ಹಗುರವಾದ ಪ್ರತಿ ಮಾಡಿಕೊಂಡರೆ?

ಹಳಬರು: ಮಾಡಬಹುದು. ಎಫ್‌ಎಫ್‌ಎಂಪೆಗ್‌ನಲ್ಲಿ ಬಿಡಬ್ಲ್ಯೂಡಿಐಎಫ್ ಅನ್ನೋ ಫಿಲ್ಟರ್ ಬೇಗ ಓಡುತ್ತದೆ, 50 ಫ್ರೇಮನ್ನೇ ಕೊಡುತ್ತದೆ. ಅದರಲ್ಲಿ ಸಣ್ಣ ಪ್ರತಿ ಮಾಡಿ ಎಡಿಟ್ ಮಾಡು. ಕಟ್ ನಿಶ್ಚಯವಾದ ಮೇಲೆ, ಆಯ್ದ ಶಾಟುಗಳನ್ನು ಹಿಂದೆ ಮುಂದೆ ಒಂದೊಂದು ಸೆಕೆಂಡು ಜಾಸ್ತಿ ಬಿಟ್ಟು ಐಎಸ್‌ಒದಿಂದ ತೆಗೆದು ಚೆನ್ನಾಗಿ ತೊಳೆ, ಅದೇ ಜಾಗಕ್ಕೆ ಕೂರಿಸು. ಈ ಕ್ರಮದಲ್ಲಿ ನೀನೇ ಸರಿ. ನಾವು ಎಲ್ಲವನ್ನೂ ತೊಳೆಯುತ್ತಿದ್ದದ್ದು ಗ್ರಾಹಕರು ಯಾವ ಅತ್ತೆಯ ಯಾವ ಶಾಟ್ ಕೇಳುತ್ತಾರೋ ಗೊತ್ತಿರುತ್ತಿರಲಿಲ್ಲ, ಅದಕ್ಕೆ.

ಹೊಸಬಳು: ಒಂದು ಗೆದ್ದೆ.

ಹಳಬರು: 50ಕ್ಕೆ ಒಪ್ಪಿ ಗೆದ್ದೆ, ಅದನ್ನೂ ಬರೆದುಕೋ. ಇನ್ನು ಚಿತ್ರದ ಆಕಾರ. ಟೈಮ್‌ಲೈನ್ ಯಾವ ಅಳತೆಯಲ್ಲಿದೆ?

ಹೊಸಬಳು: 1920 ಗುಣಿಸು 1080. ಫೂಟೇಜ್ ಪೂರ್ತಿ ತುಂಬಲಿ ಅಂತ ಎಳೆದೆ.

ಹಳಬರು: ಅದಕ್ಕೇ ನಿಮ್ಮಪ್ಪ ಮದುವೆ ದಿನವೇ ಇಷ್ಟು ದಪ್ಪ. ಡಿವಿಡಿಯ ಪಿಕ್ಸೆಲ್ ಚೌಕವಲ್ಲ. 720 ಗುಣಿಸು 576 ಅಂತ ಬರೆದಿದ್ದರೂ ಈ ಮದುವೆ 4:3, ಅಂದರೆ ಚೌಕ ಪಿಕ್ಸೆಲ್ಲಿನಲ್ಲಿ 768 ಗುಣಿಸು 576. 1080 ಎತ್ತರಕ್ಕೆ ಏರಿಸಿದರೆ ಅಗಲ 1440. ಎರಡೂ ಕಡೆ 240 ಪಿಕ್ಸೆಲ್ ಕಪ್ಪು ಬಿಡಬೇಕು.

ಹೊಸಬಳು: ಕಪ್ಪು ಪಟ್ಟಿ ಬಿಟ್ಟರೆ ಹಳೇ ವಿಡಿಯೊ ಅಂತ ಜನ ಮುಂದೆ ಸರಿಸುತ್ತಾರೆ. ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ 16:9 ಮಾಡಿದರೆ?

ಹಳಬರು: 576ರಲ್ಲಿ 144 ಗೆರೆ ಹೋಗುತ್ತದೆ, ಕಾಲು ಪಾಲು. ಬಾಸಿಂಗವೋ ಪಾದವೋ ಒಂದು ಬಿಡಬೇಕು. ಕೆಲವು ಶಾಟಿಗೆ ನಡೆಯುತ್ತದೆ, ಧಾರೆಯ ಶಾಟಿಗೆ ನಡೆಯುವುದಿಲ್ಲ.

ಹೊಸಬಳು: ರೀಲ್ಸಿಗೂ ಒಂದು ನಿಮಿಷದ್ದು ಬೇಕಿತ್ತು, ಉದ್ದುದ್ದ.

ಹಳಬರು: 768ರಲ್ಲಿ ನಿನಗೆ ಸಿಗುವ ಅಗಲ 324. ವರನೋ ವಧುವೋ ಒಬ್ಬರನ್ನು ಆರಿಸಿಕೋ.

ಹೊಸಬಳು: ಅಮ್ಮನನ್ನೇ. ಈಗ ನಾನು ನಿಜವಾಗಿ ಕೇಳಬೇಕಾದದ್ದು ಕೇಳುತ್ತೇನೆ. ಎಐ ಅಪ್‌ಸ್ಕೇಲ್. ಒಂದು ಶಾಟ್ ಹಾಕಿ ನೋಡಿದೆ ಸಾರ್, ಈಗಷ್ಟೇ ತೆಗೆದ ಹಾಗೆ ಬಂತು. ಅಮ್ಮನ ರೆಪ್ಪೆ ಒಂದೊಂದೂ ಕಾಣುತ್ತದೆ.

ಹಳಬರು: ಡಿವಿಡಿಯಲ್ಲಿ ರೆಪ್ಪೆ ಇತ್ತೇ?

ಹೊಸಬಳು: ಇರಲಿಲ್ಲ, ಆದರೆ ಅಮ್ಮನಿಗೆ ಇತ್ತಲ್ಲ!

ಹಳಬರು: ಅಮ್ಮನಿಗೆ ಇತ್ತು, ಆದರೆ ಇದು ಅಮ್ಮನದಲ್ಲ. ಸಾವಿರಾರು ಬೇರೆ ಮುಖಗಳನ್ನು ನೋಡಿ ಕಲಿತ ಯಂತ್ರ ಇಲ್ಲೊಂದು ರೆಪ್ಪೆ ಇರಬೇಕು ಅಂತ ಬರೆದದ್ದು. ಸೀರೆಯ ಅಂಚು ನೋಡು. ಹ್ಯಾಲೊಜೆನ್ ಬೆಳಕಿಗೆ ಜರಿ ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಮಿಂಚುತ್ತದೆ. ನಾಯ್ಸ್ ಕೂಡ ಹಾಗೇ ಮಿನುಗುವುದು. ನಿನ್ನ ಯಂತ್ರಕ್ಕೆ ಎರಡೂ ಒಂದೇ ಅನ್ನಿಸಿ ಜರಿಯನ್ನು ಒರೆಸಿ ಹಳದಿ ಪಟ್ಟಿ ಮಾಡಿದೆ. ಕಾರ್ಟೂನಿಗೆ ಇಂಥ ಫಿಲ್ಟರ್ ಚೆನ್ನ, ಅಲ್ಲಿ ಗೆರೆ ಮತ್ತು ಸಮತಟ್ಟು ಬಣ್ಣ. ಬದುಕಿದ ಜನರ ಚರ್ಮಕ್ಕೆ ಹಾಕಿದರೆ ಮೇಣವಾಗುತ್ತದೆ. 2024ರಲ್ಲಿ ಜೇಮ್ಸ್ ಕ್ಯಾಮರಾನ್ ಅವರ 'ಟ್ರೂ ಲೈಸ್', 'ಏಲಿಯನ್ಸ್' 4ಕೆ ಡಿಸ್ಕುಗಳು ಬಂದಾಗ ಮುಖಗಳು ಮೇಣದಂತಿವೆ ಅಂತ ಎಷ್ಟು ಜನ ಬೈದರು! ಅವರ ಬಳಿ ಮೂಲ ನೆಗೆಟಿವ್ ಇತ್ತು. ನಿನ್ನ ಬಳಿ ಇರುವುದು 5 ಮೆಗಾಬಿಟ್.

ಹೊಸಬಳು: ಒಂದು ಪ್ರಶ್ನೆ. ನೀವು ಹೊಗಳಿದ ಕ್ಯೂಟಿಜಿಎಂಸಿ ಇಲ್ಲದ ಗೆರೆಗಳನ್ನು ಹೇಗೆ ತುಂಬುತ್ತದೆ? ನಾನೂ ಓದಿಕೊಂಡು ಬಂದಿದ್ದೇನೆ. ಒಳಗೆ ಓಡುವುದು ಎನ್‌ಎನ್‌ಇಡಿಐ3. ಆ ಎರಡು 'ಎನ್' ನ್ಯೂರಲ್ ನೆಟ್‌ವರ್ಕ್ ತಾನೇ? ಅದೂ ಬೇರೆ ಚಿತ್ರಗಳನ್ನು ನೋಡಿ ಕಲಿತದ್ದೇ. ನಿಮ್ಮ ಊಹೆ ಮಡಿ, ನನ್ನ ಊಹೆ ಮೈಲಿಗೆಯಾ?

ಹಳಬರು: ಅದು ಎರಡು ಗೆರೆಯ ನಡುವೆ ಒಂದು ಗೆರೆ ಊಹಿಸುತ್ತದೆ. ಮೇಲೂ ಕೆಳಗೂ ಸಾಕ್ಷಿ ಇದೆ, ಹಿಂದಿನ ಮುಂದಿನ ಫೀಲ್ಡಿನಲ್ಲೂ ಸಾಕ್ಷಿ ಇದೆ. ನಿನ್ನದು ಸಾಕ್ಷಿಯೇ ಇಲ್ಲದ ಕಡೆ ಬರೆಯುತ್ತದೆ.

ಹೊಸಬಳು: ಪ್ರಮಾಣದ ವ್ಯತ್ಯಾಸ ಅಷ್ಟೇ. 288 ಗೆರೆಯಿಂದ 576 ಮಾಡಿದರೆ ತಯಾರಿ, 576ರಿಂದ 1080 ಮಾಡಿದರೆ ಸುಳ್ಳು. ಗಡಿ ಎಳೆದವರು ಯಾರು? ಅಲ್ಲದೆ ಬಣ್ಣದ ವಿಷಯ. ಡಿವಿಡಿಯಲ್ಲಿ ಬಣ್ಣ ಅರ್ಧ ಅಗಲ ಅರ್ಧ ಎತ್ತರದಲ್ಲಿ ಮಾತ್ರ ಇರುತ್ತದೆ, 360 ಗುಣಿಸು 288. ಉಳಿದ ಬಣ್ಣವೆಲ್ಲ ಪ್ಲೇಯರ್ ಊಹಿಸಿದ್ದೇ. ನೀವು ಇಪ್ಪತ್ತು ವರ್ಷ ನೋಡಿದ ಕುಂಕುಮದ ಮುಕ್ಕಾಲು ಪಾಲು ಊಹೆ.

ಹಳಬರು: ಭೇಷ್. ಗಡಿ ಮಸುಕಾಗಿದೆ, ಒಪ್ಪುತ್ತೇನೆ. ಬಣ್ಣದ ಮಾತು ತೆಗೆದೆಯಲ್ಲ, ಮರೆಯುವ ಮುಂಚೆ ಹೇಳಿಬಿಡುತ್ತೇನೆ: ಡಿವಿಡಿಯದು 601 ಅನ್ನುವ ಮಾನದಂಡದ ಲೆಕ್ಕ, ಎಚ್‌ಡಿಯದು 709ರದ್ದು. ದೊಡ್ಡದು ಮಾಡುವಾಗ ಅದನ್ನೂ ಪರಿವರ್ತಿಸದಿದ್ದರೆ ಕುಂಕುಮದ ಕೆಂಪು, ಮಾವಿನೆಲೆಯ ಹಸಿರು ತುಸು ಜಾರುತ್ತವೆ. ಕಪ್ಪು 16ರಲ್ಲಿ, ಬಿಳಿ 235ರಲ್ಲಿ ಇರುತ್ತದೆ. ಅದನ್ನು 0ಯಿಂದ 255 ಅಂತ ಓದಿಸಿದರೆ ಅಪ್ಪನ ಕಪ್ಪು ಕೋಟು ಬೂದಿಯಾಗುತ್ತದೆ. ಈಗ ಗಡಿಗೆ ಬರೋಣ. ಗಡಿ ಮಸುಕು ಅಂದ ಮಾತ್ರಕ್ಕೆ ಗಡಿಯೇ ಇಲ್ಲ ಅಂತಲ್ಲ. ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಯಾರ ಮುಖ ಅಂತ ಗೊತ್ತಿರುವವರು ನೋಡಿದಾಗ ಬೇರೆಯವರು ಅನ್ನಿಸಬಾರದು. ನಿನ್ನ ಎಐ ಶಾಟಿನಲ್ಲಿ ಅಮ್ಮನ ಪಕ್ಕ ನಿಂತವರು ಯಾರು?

ಹೊಸಬಳು: ಅಜ್ಜಿ. ಅಮ್ಮನ ಅಮ್ಮ. ಹೋದ ವರ್ಷ ತೀರಿಕೊಂಡರು.

ಹಳಬರು: ಅವರ ಕೈ ಮೇಲೆ ಹಚ್ಚೆ ಇದೆ ಡಿವಿಡಿಯಲ್ಲಿ. ಮಸುಕು ಮಸುಕಾಗಿ ಹಸಿರು ಚುಕ್ಕಿಗಳು. ನಿನ್ನ ಶಾಟಿನಲ್ಲಿ ಕೈ ನುಣ್ಣಗಿದೆ.

ಹೊಸಬಳು: ಅದು ನಾನು ನೋಡಿರಲಿಲ್ಲ. ಸರಿ, ಆ ಸೆಟ್ಟಿಂಗ್ ಕಡಿಮೆ ಮಾಡಬಹುದು. ಆದರೆ ಸಾರ್, ಹತ್ತು ವರ್ಷದಿಂದ ಈ ಡಿವಿಡಿಯನ್ನು ಮನೆಯಲ್ಲಿ ಯಾರೂ ಹಾಕಿಲ್ಲ. ಪ್ಲೇಯರೇ ಇಲ್ಲ. ನಾನು ಚೆಂದ ಮಾಡಿ ಟಿವಿಯಲ್ಲಿ ಹಾಕಿದರೆ ಐವತ್ತು ಜನ ಕೂತು ನೋಡುತ್ತಾರೆ. 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಬಿಟ್ಟಾಗ ನಮ್ಮ ವಯಸ್ಸಿನವರೂ ಥಿಯೇಟರಿಗೆ ಹೋದರಂತೆ. ಇಲ್ಲದಿದ್ದರೆ ಹೋಗುತ್ತಿದ್ದರಾ?

ಹಳಬರು: ಆ ಕಪ್ಪುಬಿಳುಪು ಚಿತ್ರಗಳು ಹಾಗೇ ಉಳಿದಿವೆ, ಬೇಕಾದವರು ಎರಡನ್ನೂ ನೋಡಬಹುದು. ನಿನ್ನ ಮನೆಯಲ್ಲಿ ಐಎಸ್‌ಒ ಇರುತ್ತದೆ, ಸರಿ. ಯಾರು ತೆರೆಯುತ್ತಾರೆ?

ಹೊಸಬಳು: ಯಾರೂ ತೆರೆಯುವುದಿಲ್ಲ. ಅದನ್ನೇ ನಾನು ಹೇಳುತ್ತಿರುವುದು. ಜನ ನೋಡುವುದು ನನ್ನ ವಿಡಿಯೊವನ್ನೇ.

ಹಳಬರು: ನನ್ನ ಭಯವೂ ಅದೇ. ನಾಳೆ ನಿನ್ನ ತಮ್ಮನ ಮಕ್ಕಳಿಗೆ ಅಜ್ಜಿ ಅಂದರೆ ನಿನ್ನ ವಿಡಿಯೊದ ಅಜ್ಜಿ. ತಯಾರಿ ಅಂತ ಕೂತು ನೀನು ಮಾಡಿದ ಒಂದು ಟಿಕ್ಕು ಅವರಿಗೆ ಇತಿಹಾಸ.

ಹೊಸಬಳು: ಹಾಗಾದರೆ 2006ರ ಸ್ಟುಡಿಯೊದವರನ್ನು ಕೇಳಿ. ಇಡೀ ಧಾರೆಯ ಮಂತ್ರ ಮ್ಯೂಟ್ ಮಾಡಿ ಸಿನಿಮಾ ಹಾಡು ಹಾಕಿದ್ದಾರೆ. ಅಜ್ಜಿ ಏನೋ ಹಾಡುತ್ತಿದ್ದಾರೆ, ತುಟಿ ಅಲ್ಲಾಡುತ್ತಿದೆ, ಸೋಬಾನೆ ಪದ ಇರಬೇಕು. ಧ್ವನಿ ಇಲ್ಲ. ನೀವು ಮೂಲ ಅನ್ನುತ್ತೀರಲ್ಲ, ಆ ಮೂಲವೇ ಯಾರೋ ಕತ್ತರಿಸಿದ್ದು.

ಹಳಬರು: ಆಗ ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಗದ್ದಲ ಅಂತ ಕ್ಯಾಮೆರಾ ಮೈಕು ಇಳಿಸಿ ಹಾಡು ಏರಿಸುವುದು. ಗ್ರಾಹಕರು ಬಯಸಿದ್ದೂ ಅದನ್ನೇ. ಪೂರ್ತಿ ಇಳಿಸಿದ್ದರೆ ಏನೂ ಮಾಡಲಾಗುವುದಿಲ್ಲ. ಹಾಡಿನ ಕೆಳಗೆ ಸ್ವಲ್ಪ ಬಿಟ್ಟಿದ್ದರೆ ನಿನ್ನ ಕಾಲದ ಸಾಧನ ಕೆಲಸಕ್ಕೆ ಬರುತ್ತದೆ, ಡೀಮಕ್ಸ್ ಥರದವು ಹಾಡಿನಿಂದ ದನಿಯನ್ನು ಬೇರ್ಪಡಿಸುತ್ತವೆ. ಅದಕ್ಕೆ ನನ್ನ ಅಡ್ಡಿಯಿಲ್ಲ.

ಹೊಸಬಳು: ನೋಡಿ, ಧ್ವನಿಗೆ ಎಐ ಆಗಬಹುದು, ಮುಖಕ್ಕೆ ಆಗಬಾರದು!

ಹಳಬರು: ಧ್ವನಿಯಲ್ಲಿ ಇದ್ದದ್ದನ್ನು ಹೊರತೆಗೆಯಲು ಹೊರಟಿದ್ದೀಯ, ಮುಖದಲ್ಲಿ ಇಲ್ಲದ್ದನ್ನು ಸೇರಿಸಲು.

ಹೊಸಬಳು: ಬೇರ್ಪಡಿಸುವಾಗಲೂ ಯಂತ್ರ ಊಹಿಸುತ್ತದೆ. ಬೇಡ, ಆ ವಾದ ಮುಗಿಯುವುದಿಲ್ಲ. ಅಮ್ಮನನ್ನೇ ಕೇಳುತ್ತೇನೆ. ಎರಡೂ ಶಾಟ್ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಮದುವೆ ಅವರದ್ದು.

ಹಳಬರು: ಅಮ್ಮ ಚೆಂದ ಕಾಣುವುದನ್ನು ಆರಿಸುತ್ತಾರೆ.

ಹೊಸಬಳು: ಆರಿಸಲಿ, ಅವರ ಹಕ್ಕು.

ಹಳಬರು: ಮದುವೆ ಅವರದ್ದು, ಮುಖ ಅಜ್ಜಿಯದ್ದು. ಅವರು ಒಪ್ಪುತ್ತಿದ್ದರೇ?

ಹೊಸಬಳು: ನಮ್ಮ ನಡುಮನೆಯಲ್ಲಿ ಅಜ್ಜಿಯ ಹಳೇ ಫೋಟೊ ಇದೆ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಟಚಪ್ ಮಾಡಿದ್ದು, ಕೆನ್ನೆಗೆ ಕೈಯಲ್ಲೇ ಬಣ್ಣ ಹಚ್ಚಿದ್ದು. ಅದರಲ್ಲೂ ಹಚ್ಚೆ ಇಲ್ಲ, ಅಳಿಸಿದ್ದಾರೆ. ಅಜ್ಜಿಗೆ ಬಹಳ ಇಷ್ಟವಾದ ಫೋಟೊ ಅದು.

ಹಳಬರು: ಅದನ್ನು ತಿದ್ದಿದವನು ಅವರನ್ನು ಎದುರಿಗೆ ಕೂರಿಸಿಕೊಂಡು ನೋಡಿದ್ದ.

ಹೊಸಬಳು: ನಾನು ನೋಡಿಲ್ಲವಾ? ಹದಿನೇಳು ವರ್ಷ ಆ ಕೈಯಲ್ಲೇ ಊಟ ಮಾಡಿದ್ದೇನೆ. ಹಾಗಾದರೆ ಎಐ ಬೇಡ, ನಾನೇ ಕೂತು ಕೈಯಲ್ಲಿ ಸರಿ ಮಾಡುತ್ತೇನೆ. ನಾಯ್ಸ್ ಎಲ್ಲಿ, ಹಚ್ಚೆ ಎಲ್ಲಿ ಅಂತ ನನಗೆ ಗೊತ್ತು. ಆಗ ಒಪ್ಪುತ್ತೀರಾ?

ಹಳಬರು: ಪೂರ್ತಿ ಒಪ್ಪಲಾರೆ. ನಿನಗೆ ಗೊತ್ತಿರುವುದು ಮುದುಕಿಯಾದ ಅಜ್ಜಿಯ ಕೈ. ಆದರೆ ಬೇಡ ಅನ್ನುವ ಧೈರ್ಯವೂ ನನಗಿಲ್ಲ. ಶಾಟ್ ಎಷ್ಟು ಉದ್ದ?

ಹೊಸಬಳು: ಎಂಟು ಸೆಕೆಂಡು.

ಹಳಬರು: 50ರ ಲೆಕ್ಕದಲ್ಲಿ 400 ಫ್ರೇಮು.

ಹೊಸಬಳು: ಸಾರ್, ಆ 25ರ ವಿಷಯ ಇನ್ನೊಂದು ಸಲ ಮಾತಾಡೋಣವಾ?